ತೂಕಕ್ಕೆ ಮೊದಲಿನ ಅಂದಾಜು

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಖುಷ್ಕಿ ಹೊಲಗಳಲ್ಲಿ ಕಡಲೆಕಾಯಿ ಬಹುಕಾಲದ ಬೆಳೆ. ಮುಂಗಾರಿನಲ್ಲಿ ಬಿತ್ತಿದ ಕಾಯಿಯನ್ನು ಕಿತ್ತು ಒಣಗಿಸಿ ಚೀಲ ತುಂಬುವ ಹೊತ್ತಿಗೆ ಕೊಳ್ಳುವ ವ್ಯಾಪಾರಿ ಬರುತ್ತಾನೆ. ಚೀಲದ ಆಳಕ್ಕೆ ಕೈ ಇಳಿಸಿ ಒಂದು ಹಿಡಿ ಕಾಯಿ ತೆಗೆದು ಕಿವಿಯ ಬಳಿ ಕುಲುಕುತ್ತಾನೆ. ಒಳಗಿನ ಬೀಜ ಗಲಗಲ ಎಂದರೆ ಕಾಯಿ ಒಣಗಿದೆ, ಸದ್ದು ಮಂಕಾಗಿದ್ದರೆ ಇನ್ನೂ ಹಸಿಯಿದೆ. ನಾಲ್ಕಾರು ಕಾಯಿ ಒಡೆದು, ಬೀಜವನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ನೂರು ಕಿಲೋ ಕಾಯಿಗೆ ಎಷ್ಟು ಬೀಜ ಇಳಿದೀತು ಎಂಬುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಚೆನ್ನಾಗಿ ಬಲಿತ ಕಾಯಿಯಾದರೆ ಸುಮಾರು 70 ಕಿಲೋ. ಕೊನೆಯ ಮಳೆ ಕೈಕೊಟ್ಟ ವರ್ಷ ಅದಕ್ಕಿಂತ ಕಡಿಮೆ. ಪಳಗಿದ ವ್ಯಾಪಾರಿಯ ಅಂದಾಜು ತಕ್ಕಡಿಗೆ ಬಹಳ ಹತ್ತಿರವಿರುತ್ತದೆ. ಅಷ್ಟೇ ಅಲ್ಲ, ಯಾವ ಚೀಲದ ವಿಷಯದಲ್ಲಿ ತನ್ನ ಅಂದಾಜನ್ನು ನಂಬಬಹುದು, ಯಾವುದನ್ನು ಇನ್ನೊಮ್ಮೆ ಒಡೆದು ನೋಡಬೇಕು ಎಂಬುದೂ ಅವನಿಗೆ ಗೊತ್ತಿರುತ್ತದೆ.

ಈ ಎರಡನೆಯ ತಿಳಿವಳಿಕೆಯೇ ಮನೋವಿಜ್ಞಾನಿಗಳನ್ನು ಅರ್ಧ ಶತಮಾನದಿಂದ ಕಾಡಿರುವ ವಿಷಯ. ತನಗೆ ಏನು ಗೊತ್ತು, ಎಷ್ಟರಮಟ್ಟಿಗೆ ಗೊತ್ತು ಎಂಬುದರ ಅರಿವನ್ನು ಅಮೆರಿಕದ ಜಾನ್ ಫ್ಲೆವೆಲ್ 1970ರ ದಶಕದಲ್ಲಿ ಅಧ್ಯಯನದ ಕ್ಷೇತ್ರವಾಗಿ ರೂಪಿಸಿದರು. ಅದನ್ನು ಅಧಿಸಂಜ್ಞಾನ ಎನ್ನುತ್ತಾರೆ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರುಗರ್ ಮತ್ತು ಡೇವಿಡ್ ಡನಿಂಗ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರೀಕ್ಷೆಯಲ್ಲಿ ತೀರ ಹಿಂದುಳಿದ ಗುಂಪು ತನ್ನನ್ನು ಸರಾಸರಿಗಿಂತ ಮೇಲಿರಿಸಿಕೊಂಡಿತು. ಆ ಫಲಿತಾಂಶದಲ್ಲಿ ಒಂದು ಪಾಲು ಬರೀ ಸಂಖ್ಯಾಶಾಸ್ತ್ರದ ಆಟ ಎಂಬ ಆಕ್ಷೇಪವೂ ಬಂದಿದೆ. ಆದರೆ ಕೆಲಸವನ್ನು ಸರಿಯಾಗಿ ಮಾಡಲು ಬೇಕಾದ ಜ್ಞಾನವೇ ಅದು ತಪ್ಪಾಗಿದೆ ಎಂದು ಗುರುತಿಸಲೂ ಬೇಕು ಎಂಬ ಅವರ ವಾದಕ್ಕೆ ಬೆಲೆಯಿದೆ. ಇದನ್ನು ಜನ ಅಹಂಕಾರ, ವಿನಯಗಳ ಪ್ರಶ್ನೆಯೆಂದು ಓದುವುದುಂಟು. ಅದಕ್ಕಿಂತ ಹೆಚ್ಚಾಗಿ ಇದು ಉತ್ತರ ಎಷ್ಟು ಬೇಗ ಸಿಗುತ್ತದೆ ಎಂಬ ಪ್ರಶ್ನೆ.

ಉತ್ತರ ಬೇಗ ಸಿಗುವ ಕೆಲಸಕ್ಕೆ ಹವಾಮಾನ ಮುನ್ಸೂಚನೆ ಒಳ್ಳೆಯ ಉದಾಹರಣೆ. ಮಳೆ ಬರುವ ಸಾಧ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಪದ್ಧತಿ ಅಮೆರಿಕದ ಹವಾಮಾನ ಸೇವೆಯಲ್ಲಿ 1960ರ ದಶಕದಲ್ಲಿ ಶುರುವಾಯಿತು. ಅಲ್ಲಿನ ಮುನ್ಸೂಚಕರು ಶೇ 70 ಎಂದ ದಿನಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲಿನ ದಿನಗಳಂದು ಮಳೆಯಾಗುತ್ತದೆ ಎಂಬುದು ಮುಂದಿನ ದಶಕದ ಅಧ್ಯಯನಗಳಲ್ಲಿ ಕಂಡುಬಂತು. ಹೇಳಿದ್ದು ನಿಜವೋ ಅಲ್ಲವೋ ಎಂಬುದನ್ನು ಮರುದಿನದ ಆಕಾಶವೇ ತಿಳಿಸುತ್ತದೆ, ಅದೂ ಪ್ರತಿದಿನ. ಕಡಲೆಕಾಯಿ ವ್ಯಾಪಾರಿಯ ಸ್ಥಿತಿಯೂ ಇದೇ. ಕೊಂಡ ಕಾಯಿ ಕೆಲವೇ ದಿನಗಳಲ್ಲಿ ಸುಲಿಯುವ ಯಂತ್ರಕ್ಕೆ ಹೋಗಿ, ಬೀಜದ ತೂಕವಾಗಿ ಅವನೆದುರಿಗೆ ಬರುತ್ತದೆ.

ಆದರೆ ಅದೇ ಚೀಲದಲ್ಲಿ ಆ ಕೈ ಎಂದೂ ಓದಲಾರದ ಒಂದು ಸಂಗತಿ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯನ್ನು ಅವು ತಿಂದಿದ್ದವು. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದಿಂದ ಹುಟ್ಟಿದ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕಾಯಿ ಕಟ್ಟುವ ಕೊನೆಯ ವಾರಗಳಲ್ಲಿ ನೆಲ ಬಿರಿಯುವಷ್ಟು ಒಣಗಿದರೆ ಶಿಲೀಂಧ್ರದ ಹಾವಳಿ ಹೆಚ್ಚು. ಪಾವಗಡದಂಥ ಬರದ ಸೀಮೆಯಲ್ಲಿ ಅದು ಅಪರೂಪದ ಪರಿಸ್ಥಿತಿಯಲ್ಲ. ಕಿತ್ತ ಮೇಲೆ ಸರಿಯಾಗಿ ಒಣಗಿಸದೆ ಗೋದಾಮಿಗೆ ಹಾಕಿದರೂ ಅದೇ ಅಪಾಯ. ಮುಗ್ಗಲು ಹಿಡಿದ ಬೀಜ ಕಣ್ಣಿಗೆ, ಮೂಗಿಗೆ ಸಿಗುತ್ತದೆ, ಆದರೆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೇರವಾಗಿ ತಿನ್ನುವ ಕಡಲೆಬೀಜಕ್ಕೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಕಿಲೋಗೆ 4 ಮೈಕ್ರೊಗ್ರಾಂ, ಅಂದರೆ ಒಂದು ಟನ್ ಬೀಜದಲ್ಲಿ 4 ಮಿಲಿಗ್ರಾಂ. ಕೆಲವೇ ಬೀಜಗಳಲ್ಲಿ ವಿಷವೆಲ್ಲ ತುಂಬಿಕೊಂಡಿರುವುದರಿಂದ ಒಂದು ಹಿಡಿ ಮಾದರಿ ಇಡೀ ಚೀಲದ ಕಥೆ ಹೇಳುವುದಿಲ್ಲ. ಬೀಜವನ್ನು ಗಾಣಕ್ಕೆ ಹಾಕಿದಾಗ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದರ ಇನ್ನೊಂದು ರೂಪ ಕಾಣಿಸಿಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿಯಿಂದಲೂ ವ್ಯಾಪಾರಿಗೆ ದೂರು ಬರುವುದಿಲ್ಲ. ಒಣಗಿದ ಹದವನ್ನು ಕಿವಿಯಿಂದಲೇ ಹೇಳಬಲ್ಲವನು ಕಾಯಿಯ ಗುಣದ ಬಗ್ಗೆ ಎಲ್ಲವೂ ತನಗೆ ತಿಳಿದಿದೆ ಎಂದುಕೊಂಡರೆ ಅದು ಸಹಜವೇ: ಒಂದು ಕೌಶಲದ ನಿಜವಾದ ಆತ್ಮವಿಶ್ವಾಸ ಪಕ್ಕದ ಖಾಲಿ ಜಾಗಕ್ಕೂ ಹರಡಿಕೊಳ್ಳುತ್ತದೆ.

ಲೆಕ್ಕಪತ್ರದಲ್ಲಿಯೂ ಇಂಥ ಖಾಲಿ ಜಾಗಗಳಿವೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಕಿಲೋ ಡಬ್ಬದಲ್ಲಿ ಹದಿನಾರೂವರೆ ಲೀಟರಿನಷ್ಟು ಎಣ್ಣೆ ಇರುತ್ತದೆ. ಬೀಜವನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಎಣ್ಣೆಯನ್ನು ಒಮ್ಮೆ ಕಿಲೋ, ಒಮ್ಮೆ ಲೀಟರ್ ಲೆಕ್ಕದಲ್ಲಿ ಮಾರುವ ಗಾಣದಲ್ಲಿ ಈ ಶೇ 9ರ ವ್ಯತ್ಯಾಸ ಲಾಭವನ್ನೇ ನುಂಗಬಹುದು. ಮೋಟಾರಿನ ಸವಕಳಿ, ಮನೆಯವರ ದುಡಿಮೆಯ ಕೂಲಿ ಇವೂ ಹಾಗೆಯೇ: ಯಾರೂ ಬಂದು ಕೇಳುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ.

ಹೊಸ ವ್ಯವಹಾರಕ್ಕೆ ಇಳಿಯುವಾಗ ಈ ಕುರುಡುತನ ಇನ್ನೂ ಹೆಚ್ಚು. ಅಮೆರಿಕದ 2,994 ಹೊಸ ಉದ್ಯಮಿಗಳನ್ನು ಕೇಳಿ 1988ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಮೂರರಲ್ಲಿ ಒಬ್ಬರು ತಮ್ಮ ಯಶಸ್ಸು ಹತ್ತಕ್ಕೆ ಹತ್ತು ಖಚಿತ ಎಂದಿದ್ದರು. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕಿಗೆ ಜಮೀನನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟ ರೈತರ ವಿಷಯದಲ್ಲಿ ಇದನ್ನು ನೆನೆಯಬೇಕು. ಹೊಲದ ಹದ ಬಲ್ಲ ರೈತ ಆ ಹಣದಿಂದ ಹೋಟೆಲನ್ನೋ ಬಾಡಿಗೆ ವಾಹನವನ್ನೋ ಇಟ್ಟರೆ, ಹದ ಬಲ್ಲೆನೆಂಬ ಧೈರ್ಯ ಜೊತೆಗೆ ಬರುತ್ತದೆ. ಆ ಧೈರ್ಯವನ್ನು ಕೊಟ್ಟ ಮೂವತ್ತು ಮುಂಗಾರುಗಳ ಪಾಠ ಹೋಟೆಲಿಗೆ ಬರುವುದಿಲ್ಲ.

ತನಗೆ ಎಷ್ಟು ಗೊತ್ತು ಎಂಬ ಈ ಅರಿವನ್ನು ಕಲಿಸಬಹುದೇ? ಪಾವಗಡವನ್ನು ಬಹುತೇಕ ಸುತ್ತುವರಿದಿರುವ ಆಂಧ್ರದಲ್ಲೇ ಒಂದು ಹಳೆಯ ಪ್ರಯತ್ನವಿದೆ. 1964ರಲ್ಲಿ ಹಾರ್ವರ್ಡಿನ ಡೇವಿಡ್ ಮೆಕ್ಲೆಲೆಂಡ್ ಹೈದರಾಬಾದಿನ ಸಣ್ಣ ಉದ್ಯಮ ತರಬೇತಿ ಸಂಸ್ಥೆಯ ಜೊತೆ ಸೇರಿ ಕಾಕಿನಾಡದ ಉದ್ದಿಮೆದಾರರಿಗೆ ತರಬೇತಿ ನಡೆಸಿದರು. ಆ ಪರಂಪರೆಯ ಆಟಗಳು ಇಂದಿಗೂ ಗ್ರಾಮೀಣ ಸ್ವಉದ್ಯೋಗ ತರಬೇತಿಯಲ್ಲಿ ಉಳಿದಿವೆ. ಗೂಟಕ್ಕೆ ಬಳೆ ಎಸೆಯುವ ಆಟದಲ್ಲಿ ದೂರವನ್ನು ಆಡುವವನೇ ಆರಿಸಿಕೊಳ್ಳಬೇಕು. ತೀರ ಹತ್ತಿರ ನಿಂತರೆ ಗೆಲುವಿಗೆ ಅರ್ಥವಿಲ್ಲ, ತೀರ ದೂರ ನಿಂತರೆ ಗೆಲುವೇ ಇಲ್ಲ. ನಾಲ್ಕೈದು ಎಸೆತಗಳಲ್ಲಿ ತನ್ನ ಕೈಯ ಅಳತೆ ತನಗೇ ತಿಳಿಯುತ್ತದೆ.

ಅಂಗಡಿಯಲ್ಲಿ ಈ ಕೆಲಸವನ್ನು ಒಂದು ನೋಟ್‌ಬುಕ್ ಮಾಡಬಲ್ಲದು: ತೂಗುವ ಮೊದಲು ಅಂದಾಜು, ತೂಗಿದ ಮೇಲೆ ನಿಜ, ಎರಡೂ ಅಕ್ಕಪಕ್ಕ. ಮೊದಲೇ ಬರೆದಿಡದಿದ್ದರೆ ನೆನಪು ಅಂದಾಜನ್ನು ಫಲಿತಾಂಶದತ್ತ ಸದ್ದಿಲ್ಲದೆ ಸರಿಸಿಬಿಡುತ್ತದೆ. ಬರೀ ಗಮನಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಕೀನ್ಯಾದ ಸಣ್ಣ ವ್ಯಾಪಾರಿಗಳ ಅಧ್ಯಯನ ಒಳ್ಳೆಯ ಸಾಕ್ಷಿ. ಚಿಲ್ಲರೆ ಇಲ್ಲದೆ ಗಿರಾಕಿ ಹೊರಟುಹೋಗುವುದರಿಂದ ಅವರು ಲಾಭದ ಶೇ 5ರಿಂದ 8ರಷ್ಟು ಕಳೆದುಕೊಳ್ಳುತ್ತಿದ್ದರು. ಲೋರಿ ಬೀಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ವ್ಯಾಪಾರಿಗಳ ಒಂದು ಗುಂಪಿಗೆ ಹಣ ಕೊಡಲಿಲ್ಲ, ಪಾಠ ಹೇಳಲಿಲ್ಲ. ಚಿಲ್ಲರೆಯಿಲ್ಲದೆ ಈ ವಾರ ಎಷ್ಟು ವ್ಯಾಪಾರ ತಪ್ಪಿತು ಎಂದು ವಾರವಾರ ಕೇಳಿದರು. ಕೇಳಿಸಿಕೊಂಡವರು ಹೆಚ್ಚು ಚಿಲ್ಲರೆ ಇಟ್ಟುಕೊಳ್ಳತೊಡಗಿದರು, ತಪ್ಪುತ್ತಿದ್ದ ವ್ಯಾಪಾರ ಗಮನಾರ್ಹವಾಗಿ ಇಳಿಯಿತು.