ಮೀನಿಗೆ ಔಷಧ ಹಾಕುವ ಮೊದಲು

ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟು ಹೋಗುವುದು ಹೊನ್ನಾವರ, ಭಟ್ಕಳದವರಿಗೆ ಹೊಸತಲ್ಲ. ಬೆಳಿಗ್ಗೆ ನೋಡಿದರೆ ಗಾಜಿನ ತೊಟ್ಟಿಯ ಗೋಲ್ಡ್‌ಫಿಶ್‌ಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಮೈಮೇಲೆ ಗಾಯವಿಲ್ಲ, ಚುಕ್ಕೆಯಿಲ್ಲ. ಗಾಬರಿಯಲ್ಲಿ ಅಂಗಡಿಯ ನೀಲಿ ಔಷಧ ಸುರಿಯುತ್ತೇವೆ. ಗಾಳಿಯ ಪಂಪು ನಿಂತಿತ್ತು, ಅವುಗಳಿಗೆ ಬೇಕಿದ್ದದ್ದು ಗಾಳಿ.

ಮೀನಿನ ಕಾಯಿಲೆ ಪತ್ತೆಮಾಡುವವರು ಔಷಧದ ಮಾತು ಕೊನೆಗೆ ಆಡುತ್ತಾರೆ. ತೊಟ್ಟಿ ಎಷ್ಟು ದಿನದ್ದು? ಹೊಸ ಮೀನು ಬಿಟ್ಟಿರಾ? ನೀರು ಎಲ್ಲಿಯದು? ಒಂದೇ ರಾತ್ರಿ ಎಲ್ಲವೂ ಸತ್ತಿದ್ದರೆ ಮೊದಲ ಅನುಮಾನ ನೀರಿನ ಮೇಲೆ. ದಿನಕ್ಕೊಂದರಂತೆ ಸಾಯುತ್ತಿದ್ದರೆ ಸೋಂಕಿನ ಮೇಲೆ.

ನೀರಿನ ವಿಚಾರದಲ್ಲಿ ನಮ್ಮ ಕರಾವಳಿಗೆ ಅದರದೇ ಗುಣವಿದೆ. ಚಿರೇಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಆಗಷ್ಟೇ ಸೇದಿದ ನೀರಿನಲ್ಲಿ ಆಮ್ಲಜನಕವೂ ಕಡಿಮೆ; ಒಂದು ದಿನ ಬಾಯಗಲದ ಪಾತ್ರೆಯಲ್ಲಿಟ್ಟು ಬಳಸುವುದು ಒಳ್ಳೆಯದು. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಡೆಯುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆಮ್ಲೀಯ ನೀರಿನಲ್ಲಿ ಅಮೋನಿಯಾದ ವಿಷ ಅಷ್ಟಾಗಿ ಏರುವುದಿಲ್ಲ. ನೀರು ಸರಿಮಾಡುತ್ತೇನೆಂದು ಯಾರಾದರೂ ಒಂದು ಚಿಟಿಕೆ ಚಿಪ್ಪಿಸುಣ್ಣ ಹಾಕಿದರೆ ಪಿಎಚ್ ಸರ್ರನೆ ಏರಿ, ಅದೇ ಅಮೋನಿಯಾ ಕೊಲ್ಲುವ ವಿಷವಾಗುತ್ತದೆ. ತೊಳೆದ ನಾಲ್ಕು ಬಳಚಿನ ಚಿಪ್ಪು ಇಟ್ಟರೆ ನಿಧಾನವಾಗಿ ಕರಗುತ್ತವೆ, ಮೀನು ಹೊಂದಿಕೊಳ್ಳುತ್ತದೆ. ಮೂಲ ಅದೇ ಚಿಪ್ಪು, ಸುಣ್ಣವಾಗಿ ಅವಸರದಲ್ಲಿ ಬಂದರೆ ಸಾವು.

ನೀರು ಸರಿಯಿದ್ದರೆ ಆಮೇಲೆ ಸೂಕ್ಷ್ಮದರ್ಶಕ. ಮೈಯ ಲೋಳೆಯನ್ನು ಮೆಲ್ಲಗೆ ಕೆರೆದು, ಕಿವಿರಿನ ಚೂರನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಯ ಒಳಗೆ ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶ ಜೀವಿ ಉರುಳಾಡುತ್ತಿರುತ್ತದೆ. ಚರ್ಮದಡಿ ಇರುವಷ್ಟು ದಿನ ಔಷಧ ಅದಕ್ಕೆ ತಾಗದು. ಮೀನನ್ನು ಬಿಟ್ಟು ತಳಕ್ಕಿಳಿದು, ನೂರಾರು ಮರಿಗಳಾಗಿ ಒಡೆದು ಈಜತೊಡಗಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸುವವರು ಸೋಲುವುದು ಇಲ್ಲಿಯೇ.

ಬಿಳಿ ಚುಕ್ಕೆ ಎಂದರೆ ಕುಮಟಾದ ಅಘನಾಶಿನಿ ದಂಡೆಯ ಹಿರಿಯರಿಗೆ ನೆನಪಾಗುವುದು ಬೇರೆಯೇ. 1990ರ ದಶಕದ ನಡುವಿನಲ್ಲಿ ಭಾರತದ ಕರಾವಳಿಗೆ ಬಂದ ಆ ರೋಗ ಸೀಗಡಿಯದು, ಅದರ ಮೂಲ ವೈರಸ್. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಸೀಗಡಿ ಸಾಕಿದ ಹಲವರು ಹೊಂಡಗಳನ್ನೇ ಬಿಟ್ಟರು. ಹೆಸರು ಒಂದೇ, ರೋಗ ಎರಡು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ವೈರಸ್ ಕಾಣದು, ಪಿಸಿಆರ್ ಪರೀಕ್ಷೆಯೇ ಬೇಕು. ಕಣ್ಣಿಗೆ ಕಂಡದ್ದಕ್ಕೆಲ್ಲ ಒಂದೇ ಹೆಸರಿಡುವ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ನನಗೆ ಕಂಡಿಲ್ಲ.

ಇಂಥ ರೋಗವಿದ್ಯೆಯನ್ನು ಕಲಿಸುವ ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾಯಿತು, ದೇಶದಲ್ಲೇ ಮೊದಲನೆಯದು. ಯಾವ ಪ್ರಯೋಗಾಲಯಕ್ಕೇ ಕಳಿಸಿ, ಸತ್ತು ಊದಿದ ಮೀನು ಬೇಡ. ಜೀವ ಹೋದ ಕೂಡಲೇ ಪರೋಪಜೀವಿಗಳು ಮೈ ಬಿಡುತ್ತವೆ, ಕಿವಿರು ಕೊಳೆಯುತ್ತದೆ. ಬಳಲುತ್ತಿರುವ ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಜೀವಂತ ಒಯ್ಯಿರಿ. ತೊಟ್ಟಿಯ ನೀರನ್ನು ಬೇರೊಂದು ಸ್ವಚ್ಛ ಬಾಟಲಿಯಲ್ಲಿ ತುಂಬಿ, ಏನೇನು ಔಷಧ ಹಾಕಿದ್ದಿರೆಂದು ಚೀಟಿ ಬರೆದು ಅಂಟಿಸಿ.