ಎಬ್ಬಿಸಿ ಕೂರಿಸುವ ಡಾಕ್ಟರು

ಕಣ್ಣಿಗೊಬ್ಬರು, ಹಲ್ಲಿಗೊಬ್ಬರು, ಎದೆಗೊಬ್ಬರು ಡಾಕ್ಟರು ಇರುವುದು ಎಲ್ಲರಿಗೂ ಗೊತ್ತು. ಆದರೆ ಲಕ್ವ ಹೊಡೆದು ಕೈಕಾಲು ಬಿದ್ದುಹೋದವರು, ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ಮಾಡಲಿಕ್ಕೆ ಬೇರೆಯೇ ಡಾಕ್ಟರು ಇದ್ದಾರೆ. ಇದು ನಮ್ಮೂರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ವಿಭಾಗದ ಹೆಸರು ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್. ಹೇಳುವಷ್ಟರಲ್ಲಿ ನಾಲಿಗೆ ಸುಸ್ತಾಗುತ್ತದೆ, ಅದಕ್ಕೇ ಪಿ.ಎಂ.ಆರ್. ಅಂತಾರೆ. ಕನ್ನಡದಲ್ಲಿ ಪುನಶ್ಚೇತನ ಚಿಕಿತ್ಸೆ ಅನ್ನಬಹುದು.

ಎಂ.ಬಿ.ಬಿ.ಎಸ್. ಮುಗಿಸಿ ಮತ್ತೆ 3 ವರ್ಷ ಎಂ.ಡಿ. ಓದಿದವರು ಈ ಡಾಕ್ಟರು. ಇವರು ಒಬ್ಬರೇ ಕೆಲಸ ಮಾಡುವುದಿಲ್ಲ. ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್, ಊಟ ಮಾಡುವುದು ಗುಂಡಿ ಹಾಕುವುದು ಕಲಿಸಲು ಇನ್ನೊಬ್ಬರು, ಮಾತು ಕಲಿಸಲು ಮತ್ತೊಬ್ಬರು, ಕೃತಕ ಕಾಲು ಮಾಡುವವರು, ಹೀಗೆ ಒಂದು ಗುಂಪೇ ಇರುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ದೊಡ್ಡ ಹೆಸರು ಡಾ. ಮೇರಿ ವರ್ಗೀಸ್ ಅವರದು. ಕೇರಳದಲ್ಲಿ 1925ರಲ್ಲಿ ಹುಟ್ಟಿದವರು. ತಮಿಳುನಾಡಿನ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ, 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ಅವರಿಗೆ ಬರೀ 28 ವರ್ಷ. ಡಾ. ಪಾಲ್ ಬ್ರ್ಯಾಂಡ್ ಎಂಬುವರು ಕೂತುಕೊಂಡೇ ಆಪರೇಷನ್ ಮಾಡಬಹುದಲ್ಲ ಎಂದು ಧೈರ್ಯ ಕೊಟ್ಟರು. ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಆಪರೇಷನ್ ಮಾಡಿದರು! ಆಮೇಲೆ ಅಮೆರಿಕದ ನ್ಯೂಯಾರ್ಕಿಗೆ ಹೋಗಿ ಪಿ.ಎಂ.ಆರ್. ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗ ನಡೆಸಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. ರೋಗಿಗಳು ಇವರ ಮಾತು ಯಾಕೆ ಕೇಳುತ್ತಿದ್ದರು ಅಂತ ನಾನು ಬರೆಯಬೇಕಾಗಿಲ್ಲ.

ಈಗ ಲಕ್ವದ ವಿಷಯ. ಮಿದುಳಿನ ಒಂದು ಭಾಗಕ್ಕೆ ರಕ್ತ ಹೋಗದೆ ನಿಂತರೆ, ಇಲ್ಲವೆ ಅಲ್ಲಿ ರಕ್ತನಾಳ ಒಡೆದರೆ ಲಕ್ವ ಬರುತ್ತದೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗಡೆ ಕೈಕಾಲು ಬೀಳುತ್ತದೆ. ಸತ್ತ ಭಾಗ ಮತ್ತೆ ಬದುಕುವುದಿಲ್ಲ. ಆದರೆ ಸೇತುವೆ ಕೊಚ್ಚಿಹೋದರೆ ನಾವು ಗದ್ದೆ ಬದು ಹಿಡಿದು ಶಾಲೆಗೆ ಬರುವುದಿಲ್ಲವೆ? ಹಾಗೆ ಮಿದುಳೂ ಬೇರೆ ದಾರಿ ಕಂಡುಕೊಳ್ಳುತ್ತದೆ. ಅದಕ್ಕೆ ಒಂದೇ ಕೆಲಸವನ್ನು ನೂರಾರು ಸಲ ಮಾಡಿಸಬೇಕು. ಮೊದಲ ಕೆಲವು ತಿಂಗಳು ಬಹಳ ಮುಖ್ಯ.

ನಮ್ಮಜ್ಜಿಗೆ ಲಕ್ವ ಹೊಡೆದಾಗ ಆಸ್ಪತ್ರೆಯವರು ಮಾತ್ರೆ ತಪ್ಪಿಸಬೇಡಿ ಎಂದಷ್ಟೇ ಹೇಳಿ ಕಳಿಸಿದ್ರು. ವ್ಯಾಯಾಮದ ಸುದ್ದಿ ಯಾರೂ ಎತ್ತಲಿಲ್ಲ. ಪಾರಿವಾಳದ ರಕ್ತ ಹಚ್ಚಿ ಎಂದವರು ಮಾತ್ರ ಊರ ತುಂಬ ಇದ್ರು. ನಾಲ್ಕು ತಿಂಗಳು ಮಲಗೇ ಇದ್ದು ಬಲಗೈ ಎದೆಗೆ ಮಡಚಿಕೊಂಡು ಕೀಲು ಬಿಗಿದುಹೋಯಿತು. ಆಮೇಲೆ ಬೇರೆ ಕಡೆ ಪಿ.ಎಂ.ಆರ್. ಡಾಕ್ಟರಿಗೆ ತೋರಿಸಿದೆವು. ಬೆರಳು ಪೂರ್ತಿ ಬಿಡಿಸಿಕೊಳ್ಳಲಿಲ್ಲ, ಆದರೆ ಅಜ್ಜಿ ಕೋಲು ಹಿಡಿದು ನಡೆಯುವುದು ಕಲಿತರು. ಈಗ ಹಿತ್ತಲಿಗೆ ಒಬ್ಬರೇ ಹೋಗ್ತಾರೆ. ನಾನು ಕೈ ಹಿಡಿಯಲು ಹೋದರೆ ಬೈತಾರೆ.

ಆ ಡಾಕ್ಟರು ಹೇಳಿದ್ದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಬಿದ್ದುಹೋದ ಕೈ ಹಿಡಿದು ರೋಗಿಯನ್ನು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. (ನೋಡಲು ಬಂದ ನೆಂಟರೆಲ್ಲ ಇದನ್ನೇ ಮಾಡುತ್ತಿದ್ದರು!) ತಾವೇ ಹೊರಳಲಾಗದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಸ್ಪರ್ಶ ಇಲ್ಲದವರಿಗೆ ಹುಣ್ಣಾದದ್ದು ಗೊತ್ತೇ ಆಗುವುದಿಲ್ಲ. ಮನೆಯವರೇ ದಿನಾ ನೋಡಬೇಕು.

ಕಾಲು ಕಳೆದುಕೊಂಡವರಿಗೆ ಜೈಪುರ ಕಾಲು ಇದೆ. 1968ರ ಹೊತ್ತಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ, ಡಾ. ಪಿ.ಕೆ. ಸೇಠಿ ಮತ್ತು ಇತರರು ಸೇರಿ ಇದನ್ನು ಮಾಡಿದರು. ಪಾದ ರಬ್ಬರಿನದು. ಬೂಟು ಬೇಕಿಲ್ಲ, ಕುಕ್ಕರಗಾಲಲ್ಲಿ ಕೂರಬಹುದು, ಕೆಸರುಗದ್ದೆಗೂ ಇಳಿಯಬಹುದು.

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನರರೋಗದವರಿಗಾಗಿ ಪುನಶ್ಚೇತನ ವಿಭಾಗ ಇದೆ. ಅಷ್ಟು ದೂರ ಹೋಗಲಾಗದವರು ರೋಗಿಯನ್ನು ಮನೆಗೆ ಕರೆತರುವ ಮೊದಲೇ, ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಹೇಗೆ ಮಾಡಿಸಬೇಕು ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ ಬರೆಸಿಕೊಂಡು ಬನ್ನಿ.