ಯಂತ್ರವು ಯಂತ್ರವನ್ನು ನಂಬುವುದು ಹೇಗೆ?

ಕಲ್ಲೋಳಿಯ ರೈತನೊಬ್ಬನು ತನ್ನ 4 ಎಕರೆ ಕಬ್ಬಿನ ಹೊಲವನ್ನು ಮಾರುತ್ತಾನೆಂದು ಭಾವಿಸೋಣ. ಕ್ರಯಪತ್ರವು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಆದರೆ ಹೊಲ ಯಾರದೆಂದು ತೋರಿಸುವ ಪಹಣಿ, ಎಂದರೆ ನಮ್ಮ ಭಾಗದವರು ಉತಾರವೆಂದು ಕರೆಯುವ ಕಾಗದ, ಕಂದಾಯ ಇಲಾಖೆಗೆ ಸೇರಿದುದು. ಮೊದಲನೆಯದರ ಲೆಕ್ಕ ‘ಕಾವೇರಿ’ ಎಂಬ ವ್ಯವಸ್ಥೆಯಲ್ಲಿದೆ. ಎರಡನೆಯದರದು ‘ಭೂಮಿ’ ಎಂಬುದರಲ್ಲಿದೆ. 2000ದ ಸುಮಾರಿನಲ್ಲಿ ಆರಂಭವಾದ ಭೂಮಿ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಗಣಕಯಂತ್ರಕ್ಕೆ ತಂದಿತು. ನೋಂದಣಿಯಾದ ಸುದ್ದಿ ಕಾವೇರಿಯಿಂದ ಭೂಮಿಗೆ ತಲಪಿದ ಮೇಲೆಯೇ ಹಕ್ಕು ಬದಲಾವಣೆಯ ಕಾರ್ಯ ಮೊದಲಾಗುವುದು.

ಸುದ್ದಿ ತಲಪದಿದ್ದರೆ ಏನಾದೀತು? ಹಳೆಯ ಉತಾರವನ್ನೇ ತೋರಿಸಿ ಅದೇ ಹೊಲವನ್ನು ಮತ್ತೊಬ್ಬನಿಗೂ ಮಾರಲು ದಾರಿಯಾದೀತು. ಸುಳ್ಳು ಸುದ್ದಿ ತಲಪಿದರೆ? ಮಾರದವನ ಹೊಲವೂ ಕೈಬಿಟ್ಟು ಹೋದೀತು. ಹೀಗೆ ಲೆಕ್ಕವನ್ನು ಇಟ್ಟುಕೊಂಡು, ಕೇಳಿದವರಿಗೆ ಒದಗಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಹಲವು ಸರ್ವರುಗಳು ಹಂಚಿಕೊಂಡು ಕಾಯುವ ಲೆಕ್ಕವೇ ವಿತರಿತ ದತ್ತಸಂಚಯ. ದೂರದ ಸರ್ವರಿನಿಂದ ಬಂದ ಮಾತನ್ನು ಇನ್ನೊಂದು ಸರ್ವರ್ ಯಾವ ಆಧಾರದಿಂದ ನಂಬಬೇಕು? ಭೂಮಿ, ಕಾವೇರಿಗಳ ಒಳರಚನೆಯನ್ನು ಬದಿಗಿಟ್ಟು ಇದರ ತತ್ತ್ವವನ್ನಷ್ಟೇ ಪರಿಶೀಲಿಸೋಣ.

ಹಿಂದೆ ಮಹತ್ತ್ವದ ಲಕೋಟೆಗೆ ಅರಗಿನ ಮೊಹರು ಹಾಕುತ್ತಿದ್ದರು. ಇಂದಿನ ಮೊಹರು ಅಂಕಗಣಿತದ್ದು. ಇದರ ಮೂಲ ಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬವರು ಮುಂದಿಟ್ಟರು. ಮರುವರ್ಷವೇ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಅದಕ್ಕೊಂದು ವಿಧಾನವನ್ನು ಕಂಡುಹಿಡಿದರು. ಚಿಕ್ಕ ಸಂಖ್ಯೆಗಳಿಂದ ಅದನ್ನು ನಾವೇ ಮಾಡಿ ನೋಡಬಹುದು. 3 ಮತ್ತು 11 ಎಂಬ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ 33. ಕಳುಹಿಸುವ ಸರ್ವರ್ 33 ಮತ್ತು 3 ಎಂಬ ಎರಡು ಸಂಖ್ಯೆಗಳನ್ನು ಎಲ್ಲರಿಗೂ ಸಾರುತ್ತದೆ; 7 ಎಂಬ ಸಂಖ್ಯೆಯನ್ನು ಗುಟ್ಟಾಗಿಡುತ್ತದೆ. ಕಳುಹಿಸಬೇಕಾದ ಸಂದೇಶ 4 ಆಗಿರಲಿ. 4ನ್ನು ಏಳು ಸಲ ಬರೆದು ಗುಣಿಸಿದರೆ 16384. ಅದನ್ನು 33ರಿಂದ ಭಾಗಿಸಿದಾಗ ಉಳಿಯುವ ಶೇಷ 16. ಇದೇ ಸಹಿ. ಪಡೆದವನು 16ರ ಘನವನ್ನು, ಎಂದರೆ 4096ನ್ನು, 33ರಿಂದ ಭಾಗಿಸಿದರೆ ಶೇಷ 4 ಬರುತ್ತದೆ. ಸಂದೇಶವೂ ಸಹಿಯೂ ತಾಳೆಯಾದವು! ನಡುದಾರಿಯಲ್ಲಿ ಯಾರಾದರೂ 4ನ್ನು 5 ಎಂದು ತಿದ್ದಿದ್ದರೆ ಮೋಸ ಆ ಕ್ಷಣವೇ ಬಯಲಾಗುತ್ತಿತ್ತು.

33ನ್ನು ಒಡೆದು ಗುಟ್ಟಿನ 7ನ್ನು ಕಂಡುಹಿಡಿಯುವುದು ಸುಲಭವಲ್ಲವೆ ಎಂದು ವಾಚಕರು ಕೇಳಬಹುದು. ನಿಜ. ಆದರೆ ಬಳಕೆಯಲ್ಲಿರುವ ಸಂಖ್ಯೆಗಳಲ್ಲಿ 600ಕ್ಕೂ ಹೆಚ್ಚು ಅಂಕೆಗಳಿರುತ್ತವೆ. ಅವುಗಳನ್ನು ಒಡೆಯುವ ಕಾರ್ಯಸಾಧ್ಯವಾದ ಉಪಾಯವು ಇಂದಿನ ಗಣಕಯಂತ್ರಗಳಿಗೆ ದೊರೆತಿಲ್ಲ. ಸಾರಿದ ಸಂಖ್ಯೆಯು ಇಂತಹವರದೇ ಎಂದು ದೃಢಪಡಿಸಲು ಸರ್ಕಾರದ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳಿವೆ. ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇಂತಹ ಸಹಿಗೆ ಕಾನೂನಿನ ಮಾನ್ಯತೆಯನ್ನಿತ್ತಿದೆ.

ಸಹಿಯು ‘ಹೇಳಿದವರು ಯಾರು’ ಎಂಬುದನ್ನು ತಿಳಿಸುತ್ತದೆ. ‘ಹೇಳಿದುದು ನಿಜವೆ’ ಎಂಬುದನ್ನಲ್ಲ. ಕೆಟ್ಟುಹೋದ ಅಥವಾ ಕಳ್ಳರ ವಶವಾದ ಸರ್ವರೊಂದು ಒಬ್ಬರಿಗೆ ಒಂದು, ಮತ್ತೊಬ್ಬರಿಗೆ ಇನ್ನೊಂದು ಮಾತನ್ನು ಹೇಳಿ ಎರಡಕ್ಕೂ ಸಹಿ ಹಾಕಬಲ್ಲದು. ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ಒಂದು ಕಥೆಯ ರೂಪದಲ್ಲಿ ಮಂಡಿಸಿದರು: ವೈರಿಯ ಪಟ್ಟಣವನ್ನು ಸುತ್ತುವರಿದ ಬೈಜಾಂಟಿಯಮಿನ ಸೇನಾನಿಗಳು ದೂತರ ಮೂಲಕ ಒಮ್ಮತಕ್ಕೆ ಬರಬೇಕು, ಆದರೆ ಅವರಲ್ಲಿಯೇ ದ್ರೋಹಿಗಳಿದ್ದಾರೆ.

ಇಂತಹ ದ್ರೋಹಿ ಸರ್ವರ್ ಒಂದಿದೆ, ಯಾವುದೆಂದು ತಿಳಿಯದು ಎನ್ನೋಣ. ‘ಸರ್ವರ್ ಡೌನ್’ ಎಂಬ ಮಾತನ್ನು ಕೇಳದ ವಾಚಕರು ವಿರಳ. ದ್ರೋಹಿಯೂ ಹಾಗೆ ಮೌನವಾಗಿರಬಹುದು. ಆದುದರಿಂದ ಒಟ್ಟು ಮೂರು ಸರ್ವರುಗಳಿದ್ದರೆ ಎರಡು ಉತ್ತರ ಬಂದೊಡನೆ ಮುಂದುವರಿಯಲೇಬೇಕು. ಆದರೆ ಉತ್ತರ ಕೊಡದಿದ್ದುದು ಒಳ್ಳೆಯ ಸರ್ವರೇ ಆಗಿದ್ದು, ಅದರ ಸುದ್ದಿ ದಾರಿಯಲ್ಲಿ ತಡವಾಗಿದ್ದರೆ? ಆಗ ಬಂದ ಎರಡರಲ್ಲಿ ಒಂದು ಸುಳ್ಳು, ಒಂದು ನಿಜ; ತೀರ್ಮಾನ ಅಸಾಧ್ಯ. ನಾಲ್ಕಿದ್ದರೆ ಮೂರು ಉತ್ತರಗಳು ದೊರೆಯುತ್ತವೆ. ಒಂದು ಸುಳ್ಳಾದರೂ ಎರಡು ನಿಜ. ಸಾಮಾನ್ಯವಾಗಿ ಹೇಳುವುದಾದರೆ, ಒಂದು ದ್ರೋಹಿಗೆ ನಾಲ್ಕು, ಎರಡಕ್ಕೆ ಏಳು, ಮೂರಕ್ಕೆ ಹತ್ತು ಸರ್ವರುಗಳು ಬೇಕು. 1999ರಲ್ಲಿ ಕ್ಯಾಸ್ಟ್ರೊ ಮತ್ತು ಲಿಸ್ಕಾವ್ ಇದನ್ನು ಬಳಕೆಗೆ ತರಬಲ್ಲ ವಿಧಾನವನ್ನು ರಚಿಸಿದರು. ಮೌನಕ್ಕೆ ಮಾತ್ರ ಹೆದರುವುದಾದರೆ ಒಂದಕ್ಕೆ ಮೂರೇ ಸಾಕು. ಸುಳ್ಳಿನಿಂದ ಪಾರಾಗಲು ತೆರಬೇಕಾದ ಬೆಲೆ ಹೆಚ್ಚು.

ಇಷ್ಟಾದರೂ ಈ ಗಣಿತಕ್ಕೊಂದು ಮಿತಿಯಿದೆ. ಹೊಲದ ಬದುವಿನಲ್ಲಿ ಅಳತೆಯೇ ತಪ್ಪಿದ್ದರೆ, ಅಥವಾ ಹೆಸರನ್ನು ತಪ್ಪಾಗಿ ದಾಖಲಿಸಿದ್ದರೆ, ಸಾವಿರ ಸರ್ವರುಗಳು ಒಮ್ಮತದಿಂದ ಆ ತಪ್ಪನ್ನೇ ಕಾಪಾಡುತ್ತವೆ. ಹಕ್ಕು ಬದಲಾವಣೆಗೆ ಮೊದಲು ಆಕ್ಷೇಪಣೆಗೆ ಅವಕಾಶವಿತ್ತು ನೋಟೀಸು ಹೊರಡಿಸುವ ಪದ್ಧತಿಯು ಗಣಕಯಂತ್ರ ಬಂದ ಮೇಲೂ ಉಳಿದಿರುವುದು ಇದೇ ಕಾರಣದಿಂದ ಸಾರ್ಥಕವಾಗಿದೆ. ಬರೆದುದು ಬದಲಾಗದಂತೆ ಯಂತ್ರಗಳು ಕಾಯಬಲ್ಲವು. ಬರೆದುದು ಸರಿಯೆ ಎಂದು ನೋಡಬೇಕಾದವರು ನಾವೇ.